ಹಳೆಯ ದರದ ಗೆಲುವು

ಜನವರಿ ೯

ನನ್ನ ಪೇಟೆಂಟ್ ಸತ್ತಿದೆಯಂತೆ. ಸತ್ತು ಹತ್ತಿರ ಹತ್ತಿರ ವರ್ಷವಾಯಿತಂತೆ. ಇಷ್ಟು ದಿನ ಆ ಹೆಣ ಚೌಕಟ್ಟು ಹಾಕಿಸಿಕೊಂಡು ನನ್ನ ಶೆಡ್ಡಿನ ಗೋಡೆಯ ಮೇಲೆ ನೇತಾಡುತ್ತಿತ್ತು. ನಾನು ದಿನಾ ಬೆಳಿಗ್ಗೆ ಅದರ ಗಾಜು ಒರೆಸುತ್ತಿದ್ದೆ.

ಗೊತ್ತಾದದ್ದು ಹೀಗೆ. ಪ್ರೆಸ್ ಯಂತ್ರದಿಂದ ಬೆರಳು ಕಾಯಲೆಂದು ನಾನು ಮಾಡಿದ ಕೈಗಾವಲಿನ ನಕಲು ಮಾರುಕಟ್ಟೆಯಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತಿದೆ. ನೋಟಿಸು ಕೊಡಿಸೋಣವೆಂದು ಪೇಟೆಂಟ್ ಏಜೆಂಟನ ಕಚೇರಿಗೆ ಹೋದೆ. ಅವನು ಕಂಪ್ಯೂಟರಿನಲ್ಲಿ ನಂಬರು ಹೊಡೆದು, ಡಾಕ್ಟರ ಮುಖ ಮಾಡಿಕೊಂಡು, "ನೀವು ಒಬ್ಬರೇ ಬಂದಿದೀರಾ?" ಎಂದು ಕೇಳಿದ.

ಪೇಟೆಂಟ್ ಒಂದು ಸಲ ಸಿಕ್ಕರೆ ಮುಗಿಯುವುದಿಲ್ಲ. ಕೆಲವು ವರ್ಷಕ್ಕೊಮ್ಮೆ ಸರ್ಕಾರಕ್ಕೆ ನವೀಕರಣ ಶುಲ್ಕ ಕಟ್ಟುತ್ತಲೇ ಇರಬೇಕು. ಅದು ನನಗೂ ಗೊತ್ತು. ಕಟ್ಟಿದ್ದೇನೆ! ಸುಮ್ಮನೆ ಕಟ್ಟಿದ್ದಲ್ಲ, ಹೋರಾಡಿ ಕಟ್ಟಿದ್ದು. ಆ ವರ್ಷ ಶುಲ್ಕವನ್ನು ಏಕಾಏಕಿ ಎರಡು ಪಟ್ಟು ಮಾಡಿದ್ದರು. ನಾನು, ನನ್ನ ತಮ್ಮ, ಹಳೆಯ ಕಾರ್ಮಿಕ ಸಂಘದವರು ಹೋಗಿ ಕೌಂಟರಿನ ಮುಂದೆ ಧರಣಿ ಕೂತೆವು. ಸಂಘದ ಕಾರ್ಯದರ್ಶಿ ಬೆಂಚು ಹತ್ತಿ "ಹಳೇ ದರ! ಹಳೇ ದರ!" ಎಂದು ಕೂಗಿಸಿದ. ಅವನಿಗೆ ನಾವಿಟ್ಟ ಹೆಸರೇ ಭಾಷಣ. ಕೊನೆಗೆ ಗುಮಾಸ್ತ ಹಳೆಯ ದರವನ್ನೇ ತೆಗೆದುಕೊಂಡು ರಸೀದಿ ಕೊಟ್ಟ. ಬೀದಿಯಲ್ಲಿ ಮೆರವಣಿಗೆ ಮಾಡಿಕೊಂಡು ಮನೆಗೆ ಬಂದೆವು.

ಏಜೆಂಟ್ ಆ ರಸೀದಿ ನೋಡಿ, "ಭಾಗಶಃ ಪಾವತಿ ಅಂತ ಬರೆದಿದಾರಲ್ಲಮ್ಮ" ಎಂದ.

"ಅಂದ್ರೆ?"

"ಅಂದ್ರೆ ಪೂರ್ತಿ ಕಟ್ಟದಿದ್ರೆ ಕಟ್ಟೇ ಇಲ್ಲ ಅಂತ. ಗಡುವು ಮುಗೀತು, ದಂಡ ಸೇರಿಸಿ ಕಟ್ಟೋ ಗಡುವೂ ಮುಗೀತು, ಪೇಟೆಂಟೂ ಮುಗೀತು."

ಕಾರ್ಮಿಕ ಚಳವಳಿಯಲ್ಲಿ ಸೋತು ಕಳೆದುಕೊಂಡವರನ್ನು ಕಂಡಿದ್ದೇನೆ. ಗೆದ್ದು ಕಳೆದುಕೊಂಡವರು ನಾವೇ ಮೊದಲಿಗರಿರಬೇಕು.

ಜನವರಿ ೧೧

ನಕಲು ಮಾಡುತ್ತಿರುವವನು ಯಾರೆಂದು ತಮ್ಮ ಪತ್ತೆ ಹಚ್ಚಿಕೊಂಡು ಬಂದ. ಹೇಳುವ ಮೊದಲು ಎರಡು ಸಲ ನೀರು ಕುಡಿದ.

ಭಾಷಣ!

ಬ್ಯಾನರಿನ ಮೇಲೆ ಯಾರ ಹೆಸರು ಮೊದಲು ಬರಬೇಕು ಎಂಬ ಮಹಾ ಸೈದ್ಧಾಂತಿಕ ಪ್ರಶ್ನೆಯ ಮೇಲೆ ಸಂಘ ಒಡೆದ ಮೇಲೆ ಅವನ ಜೊತೆ ನನಗೆ ಮಾತಿಲ್ಲ. ಈಗ ಗೂಡ್ಸ್ ಯಾರ್ಡಿನ ಹಿಂದೆ ಶೆಡ್ಡು ಹಾಕಿದ್ದಾನಂತೆ. ಕಾರ್ಖಾನೆ ಕೆಲಸದಿಂದ ತೆಗೆದು ಹಾಕಿದ ಹೆಂಗಸರು ಏಳೆಂಟು ಮಂದಿ ಅಲ್ಲಿ ಕೆಲಸಕ್ಕಿದ್ದಾರಂತೆ. ಉದ್ಘಾಟನೆಯ ದಿನ, "ನಮ್ಮ ಸಂಗಾತಿ ತನ್ನ ಪೇಟೆಂಟನ್ನು ಜನರಿಗೆ ಬಿಟ್ಟುಕೊಟ್ಟಿದ್ದಾಳೆ, ಎಂಥ ದೊಡ್ಡ ಮನಸ್ಸು!" ಎಂದು ಕಣ್ಣೀರು ಹಾಕಿಕೊಂಡು ಮಾತಾಡಿದನಂತೆ.

ನನಗೆ ತಿಳಿಯದಂತೆ ನನ್ನನ್ನು ತ್ಯಾಗಿ ಮಾಡಿಬಿಟ್ಟಿದ್ದಾನೆ.

ಮುಚ್ಚಳದ ಕಾರ್ಖಾನೆಯ ಪ್ರೆಸ್ಸಿಗೆ ಬೆರಳು ಕೊಟ್ಟವಳು ನಾನು. ಎಡಗೈಯ ಎರಡು. ಪ್ರೆಸ್ಸು ಇಳಿಯುವ ಮೊದಲು ಒಂದು ಜಾಲರಿ ಇಳಿಯಬೇಕು, ಕೈ ಅಡ್ಡ ಬಂದರೆ ಜಾಲರಿ ನಿಲ್ಲಬೇಕು, ಜಾಲರಿ ನಿಂತರೆ ಪ್ರೆಸ್ಸೂ ನಿಲ್ಲಬೇಕು. ಬ್ಯಾಂಡೇಜು ಬಿಚ್ಚುವ ಮೊದಲೇ ನನ್ನ ತಲೆಯಲ್ಲಿ ಅದು ಓಡಾಡುತ್ತಿತ್ತು. ಅದೇ ಕಾರ್ಖಾನೆಯವರಿಗೆ ಮೊದಲು ತೋರಿಸಿದೆ. "ನಿಮ್ಮ ಪೇಟೆಂಟನ್ನು ನಾವು ತುಂಬಾ ಗೌರವಿಸುತ್ತೇವೆ, ಆದ್ದರಿಂದ ಕೊಳ್ಳುವುದಿಲ್ಲ" ಎಂದು ಉತ್ತರ ಕೊಟ್ಟರು. ಇಷ್ಟು ಗೌರವ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಜನವರಿ ೨೦

ಸತ್ತ ಪೇಟೆಂಟನ್ನು ಬದುಕಿಸಬಹುದಂತೆ. ಪೂರ್ತಿ ಶುಲ್ಕ, ಅದರ ಮೇಲೆ ದಂಡ, ಜೊತೆಗೆ ಒಂದು ಪ್ರಮಾಣ: ಶುಲ್ಕ ತಪ್ಪಿದ್ದು ಬೇಕೆಂದಲ್ಲ, ತಿಳಿಯದೆ ಆದದ್ದು.

"ತಿಳಿಯದೆ?" ಎಂದೆ. "ತಿಳಿದೂ ತಿಳಿದೂ ಕೂತಿದ್ವಿ ಸ್ವಾಮಿ. ಚಾಪೆ ತಗೊಂಡು ಹೋಗಿದ್ವಿ."

ಏಜೆಂಟ್ ಬಾಗಿಲು ಹಾಕಿಕೊಂಡು ಬಂದ. "ಚಾಪೆ ವಿಚಾರ ನನ್ ಹತ್ರ ಹೇಳಿದ್ರಿ, ಆಯ್ತು. ಬೇರೆ ಯಾರ ಹತ್ರಾನೂ ಹೇಳ್ಬೇಡಿ. ಬೇಕಂತಲೇ ಕಟ್ಟಲಿಲ್ಲ ಅಂತಾದ್ರೆ ಜೀವ ಬರಲ್ಲ. ಹೊಸ ದರ ಬಂದಿದ್ದು ನಂಗೆ ಗೊತ್ತಿರ್ಲಿಲ್ಲ, ಅಷ್ಟೇ. ಒಂದು ಸಾಲು."

"ಸುಳ್ಳು."

"ಅಮ್ಮಾ, ನಿಮಗೆ ಪೇಟೆಂಟ್ ಬೇಕೋ ಚರಿತ್ರೆ ಬೇಕೋ?"

ಜನವರಿ ೨೧

ಚರಿತ್ರೆ ಬೇಕು.

ಜನವರಿ ೨೯

ಇನ್ನೂ ಎರಡು ಕಡೆಯ ಆರ್ಡರು ಭಾಷಣನ ಶೆಡ್ಡಿಗೆ ಹೋಯಿತು. ಆ ಒಂದು ಸಾಲಿನ ಪ್ರಮಾಣಕ್ಕೆ ಸಹಿ ಹಾಕಿದೆ.

ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಸರ್ಕಾರ ನಮಗೆ ಹೇಳುವ ಸುಳ್ಳಿಗೆ ಮಿತಿಯಿಲ್ಲ, ನಾವು ಅದಕ್ಕೆ ಒಂದು ಸಾಲು ಹೇಳಿದರೆ ಆಕಾಶ ಬೀಳುತ್ತದೆಯೇ? ಅಲ್ಲದೆ ಬೆಂಚು ಹತ್ತಿದ್ದು ನಾನಲ್ಲ. ನಾನು ಕೆಳಗಿದ್ದೆ.

ಮಾರ್ಚ್ ೧೪

ತಮ್ಮನನ್ನು ಗಿರಾಕಿಯ ವೇಷದಲ್ಲಿ ಕಳಿಸಿ ಆ ಕಳ್ಳನ ಒಂದು ಕೈಗಾವಲು ತರಿಸಿದೆ. ಮಾಲು ಕಳಪೆ ಇದ್ದೇ ಇರುತ್ತದೆ, ಯಾರದಾದರೂ ಬೆರಳು ಹೋಗುವ ಮೊದಲು ಸಾಬೀತು ಮಾಡಬೇಕಲ್ಲ. ನನ್ನ ಕಾಳಜಿ ಕಾರ್ಮಿಕರ ಬಗ್ಗೆ. ಬೇರೇನಿಲ್ಲ.

ಪ್ರೆಸ್ಸಿಗೆ ಕೂರಿಸಿ ಬೆರಳಿನ ಬದಲು ಕ್ಯಾರೆಟ್ ಇಟ್ಟೆ. ಜಾಲರಿ ಕ್ಯಾರೆಟಿನ ಮೇಲೆ ಬಂದು ನಿಂತಿತು. ಇನ್ನೊಂದು ಇಟ್ಟೆ. ನಿಂತಿತು. ಓರೆಯಾಗಿ ಇಟ್ಟೆ, ಒದ್ದೆ ಮಾಡಿ ಇಟ್ಟೆ, ಎಳೆಯದು ಇಟ್ಟೆ. ಒಂದಾದರೂ ತುಂಡಾಗಲಿಲ್ಲ.

"ಅಕ್ಕಾ, ನಿನಗೆ ಬೇಜಾರಾದ ಹಾಗಿದೆ" ಎಂದ ತಮ್ಮ.

"ನನಗ್ಯಾಕೋ ಬೇಜಾರು?"

"ಕ್ಯಾರೆಟ್ ಉಳೀತಲ್ಲ, ಅದಕ್ಕೆ."

ಬಿಚ್ಚಿ ನೋಡಿದೆ. ನನ್ನದರಲ್ಲಿ ಸೈಕಲ್ ಬ್ರೇಕಿನ ಕೇಬಲ್ ಇದೆ, ಅದು ಬರುಬರುತ್ತಾ ಹಿಗ್ಗುತ್ತದೆ, ತಿಂಗಳಿಗೊಮ್ಮೆ ಬಿಗಿಯಬೇಕು. ಅವನು ಕೇಬಲ್ ತೆಗೆದು ಸರಪಳಿ ಹಾಕಿದ್ದಾನೆ. ಹಿಗ್ಗುವುದೇ ಇಲ್ಲ. ಎಂಥ ಕಳ್ಳನಿರಬೇಕು ನೋಡಿ, ಕದ್ದದ್ದು ಸಾಲದೆಂದು ರಿಪೇರಿ ಬೇರೆ ಮಾಡಿದ್ದಾನೆ!

ಮಾರ್ಚ್ ೧೭

ಸರಪಳಿಗೆ ಆರ್ಡರು ಕೊಟ್ಟೆ. ಇನ್ನು ಮೇಲೆ ನಮ್ಮದರಲ್ಲೂ ಸರಪಳಿ.

"ಇದು ಅವನದಲ್ವಾ?" ಎಂದ ತಮ್ಮ. ಸರಪಳಿ ಏನು ಅವನಪ್ಪನ ಮನೆ ಆಸ್ತಿಯೇ? ಬುದ್ಧಿಯಿದ್ದವರಿಗೆ ಯಾರಿಗಾದರೂ ಹೊಳೆಯುವಂಥದ್ದು. ಒಳ್ಳೆಯದು ಎಲ್ಲರಿಗೂ ಸೇರಬೇಕು.

ನಕ್ಷೆಗಳ ಕಪಾಟಿಗೆ ಬೀಗ ಹಾಕಿಸಿದೆ. ನನ್ನ ಶೆಡ್ಡಿನಲ್ಲಿ ಕೆಲಸಕ್ಕಿರುವ ಇಬ್ಬರು ಹೆಂಗಸರು ಟೀ ಕುಡಿಯುವ ಹೊತ್ತು ಇತ್ತೀಚೆಗೆ ಬಲು ಉದ್ದವಾಗಿದೆ. ಲೋಟದಲ್ಲಿ ಟೀ ಮುಗಿದರೂ ಮಾತು ಮುಗಿಯುವುದಿಲ್ಲ. ಹೇಳಿದರೆ ತಮ್ಮ ಕೈಮುಗಿದು, "ಅಪ್ಪಣೆ, ಮಾಲೀಕಮ್ಮ" ಎನ್ನುತ್ತಾನೆ. ತಮಾಷೆಗೂ ಒಂದು ಮಿತಿ ಬೇಡವೇ?

ಮೇ ೬

ಬದುಕಿತು! ಪೇಟೆಂಟ್ ಬದುಕಿತು! ಆದೇಶ ಬಂದಿದೆ. ನನ್ನ ಸ್ವತ್ತು ನನಗೆ.

ಮೇ ೭

ನಿನ್ನೆ ಏಜೆಂಟ್ ಸ್ವೀಟು ತಿಂದು ಬಾಯಿ ಒರೆಸಿಕೊಂಡು ಹೋಗಿದ್ದ. ಇವತ್ತು ಎರಡನೆಯ ಪುಟ ಓದಿ ಹೇಳಿದ.

"ಪೇಟೆಂಟ್ ಸತ್ತಿದ್ದ ಅವಧಿಯಲ್ಲಿ, ಸತ್ತಿದೆ ಅಂತ ನಂಬಿ ಪ್ರಾಮಾಣಿಕವಾಗಿ ಯಾರು ಮಾಲು ಮಾಡೋಕೆ ಶುರು ಮಾಡಿದ್ರೋ, ಅವ್ರನ್ನ ಕಾನೂನು ಕಾಪಾಡುತ್ತೆ. ಪಾಪ, ದುಡ್ಡು ಹಾಕಿ ಮೆಷಿನ್ ತಂದಿರ್ತಾರೆ. ಪೇಟೆಂಟ್ ವಾಪಸ್ ಬಂತು ಅಂತ ಅವ್ರನ್ನ ಬೀದಿಗೆ ತಳ್ಳೋಕಾಗಲ್ಲ. ಅವ್ರು ಮುಂದುವರಿಸಬಹುದು. ಹೊಸದಾಗಿ ಶುರು ಮಾಡೋರನ್ನ ನೀವು ತಡೀಬಹುದು."

"ಅಂದ್ರೆ ಈ ಪ್ರಪಂಚದಲ್ಲಿ ಯಾರನ್ನ ಬೇಕಾದ್ರೂ ತಡೀಬಹುದು, ಭಾಷಣನ್ನ ಒಬ್ಬನ್ನ ಬಿಟ್ಟು."

"ಎಷ್ಟು ಚೆನ್ನಾಗಿ ಅರ್ಥ ಮಾಡ್ಕೊಂಡ್ರಿ!"

ಮನೆಗೆ ಕನ್ನ ಹಾಕಿದವನನ್ನು ಹಿಡಿದ ಮೇಲೆ ಪೊಲೀಸರೇ ಹಾಸಿಗೆ ಹಾಸಿ ಮಲಗಿಸಿದ ಹಾಗಾಯಿತು. ಕಾನೂನಿನ ಬಾಯಲ್ಲಿ "ಪಾಪ" ಎಂಬ ಮಾತು ಬಂದದ್ದು ನನ್ನ ಆಯುಸ್ಸಿನಲ್ಲಿ ಇದೇ ಮೊದಲು, ಅದೂ ನನಗಲ್ಲ.

ಮೇ ೨೨

ಒಂದು ದಾರಿ ಕಂಡಿತು. "ಪ್ರಾಮಾಣಿಕವಾಗಿ" ಎಂಬ ಒಂದು ಮಾತು. ಅವನಿಗೆ ನಾನು ಗೊತ್ತು, ನನ್ನ ಮನೆ ಗೊತ್ತು, ಬಂದು ಒಂದು ಮಾತು ಕೇಳಬಹುದಿತ್ತು. ಕೇಳದೆ ಶುರು ಮಾಡಿದವನು ಪ್ರಾಮಾಣಿಕ ಹೇಗಾದಾನು? ಅವನ ಉತ್ಪಾದನೆ ನಿಲ್ಲಿಸಬೇಕೆಂದು ಅರ್ಜಿ ಹಾಕುತ್ತೇನೆ.

ಏಜೆಂಟ್ ಬೆವರು ಒರೆಸಿಕೊಂಡ. "ಬೇಡ ಅಮ್ಮ. ವಿಚಾರಣೆ ಅಂತಾದ್ರೆ ಅವ್ನೂ ಬರ್ತಾನೆ. ಧರಣೀಲಿ ಇದ್ದೋನು ಅವ್ನೇ. 'ಈಯಮ್ಮ ಗೊತ್ತಿದ್ದೂ ಹಳೇ ದರ ಕಟ್ಟಿದ್ದು' ಅಂತ ಒಂದು ಮಾತು ಅಂದ್ರೆ ನಿಮ್ಮ ಪ್ರಮಾಣ ಸುಳ್ಳಾಗುತ್ತೆ. ಅವ್ನನ್ನ ತಡೆಯೋದಿರ್ಲಿ, ಪೇಟೆಂಟೇ ಹೋಗುತ್ತೆ."

"ಹೇಳೋ ಧೈರ್ಯ ಅವನಿಗಿಲ್ಲ."

ಹಾಕಿಸಿದೆ.

ಜುಲೈ ೩

ನೋಟಿಸು ಕೈಯಲ್ಲಿ ಹಿಡಿದುಕೊಂಡು ಎದುರುದಾರ, ಅಂದರೆ ಭಾಷಣ, ನನ್ನ ಶೆಡ್ಡಿಗೇ ಬಂದ. ಎರಡು ವರ್ಷದಲ್ಲಿ ಕೂದಲು ಪೂರ್ತಿ ಹಣ್ಣಾಗಿದೆ. ಗಂಟಲು ಮಾತ್ರ ಹಾಗೇ ಇದೆ, ಬೀದಿಯ ಆ ತುದಿಯಿಂದಲೇ ಕೇಳಿಸಿತು.

"ಇದೇನು ಸಂಗಾತಿ, ನಾನು ಎದುರುದಾರನಂತೆ! ಎರಡನೇ ಸಾಲಲ್ಲಿ 'ಸದರಿ ವ್ಯಕ್ತಿ' ಅಂತಾನೂ ಬರೆದಿದೀಯ. ಸದರಿ ವ್ಯಕ್ತಿಗೆ ಕೂರೋಕೆ ಸ್ಟೂಲ್ ಕೊಡ್ತೀಯೋ ಅದಕ್ಕೂ ಅರ್ಜಿ ಹಾಕ್ಬೇಕೋ?"

ತಮ್ಮ ಸ್ಟೂಲ್ ತಂದಿಟ್ಟ. ಈ ಮನೆಯಲ್ಲಿ ಶಿಸ್ತೇ ಇಲ್ಲ.

"ನನ್ನದನ್ನ ಕದ್ದು ನನ್ನ ಸ್ಟೂಲ್ ಮೇಲೇ ಕೂರ್ತೀಯಲ್ಲ" ಎಂದೆ.

"ಕದ್ದೆನಾ? ಸತ್ತಿದೆ ಅಂತ ಗೆಜೆಟ್‌ನಲ್ಲಿ ಹಾಕಿದ್ರು. ಜಾಲರಿ ಎಲ್ಲರಿಗೂ ಸೇರ್ಬೇಕು, ಬೆರಳಿಗೆ ಬಾಡಿಗೆ ಕಟ್ಟಿಸ್ಕೋಬಾರದು ಅಂತ ಮೇ ದಿನ ಮೈಕ್ ಹಿಡಿದು ಕಿರುಚಿದ್ದು ಯಾರು? ನಾನಾ?"

"ಅದು ಭಾಷಣ."

"ಭಾಷಣ ನಾನು! ನೀನು ಮಾತಾಡಿದ್ರೆ ನಿಜ ಅಂದ್ಕೊಂಡು ಕೇಳ್ತಿದ್ವಿ."

ಶೆಡ್ಡಿನ ಹೆಂಗಸರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಅವನು ಎದ್ದು, ನಮ್ಮ ಹೊಸ ಕೈಗಾವಲಿನ ಸರಪಳಿಯನ್ನು ಬೆರಳಲ್ಲಿ ಒಮ್ಮೆ ಎಳೆದು ಬಿಟ್ಟ. ಏನೂ ಹೇಳಲಿಲ್ಲ. ಹೇಳಿದ್ದರೆ ಉತ್ತರ ಕೊಡುತ್ತಿದ್ದೆ.

ಬಾಗಿಲಲ್ಲಿ ನಿಂತು, "ನನ್ ಶೆಡ್ಡಿನ ಆ ಏಳು ಜನಕ್ಕೆ ಏನು ಹೇಳ್ಲಿ?" ಎಂದು ಕೇಳಿದ. ಅದಕ್ಕೂ ಉತ್ತರವಿತ್ತು. ಅಷ್ಟರಲ್ಲಿ ಹೋಗಿಬಿಟ್ಟ.

ಸೆಪ್ಟೆಂಬರ್ ೧೭

ನಾಳೆ ವಿಚಾರಣೆ. ಅವನು ಒಂದು ಮಾತು ಹೇಳಿದರೆ ಮುಗಿಯಿತು. ನಾನಾಗಿದ್ದರೆ ಹೇಳುತ್ತಿದ್ದೆನೇ? ಹೇಳುತ್ತಿದ್ದೆ. ಏಳು ಜನರ ಅನ್ನದ ಪ್ರಶ್ನೆ, ಯಾಕೆ ಹೇಳಬಾರದು?

ಸೆಪ್ಟೆಂಬರ್ ೧೮

ಮನೆಗೆ ಬಂದ ಕೂಡಲೇ ಬರೆಯುತ್ತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ.

ವಿಚಾರಣೆಯ ಕೋಣೆಯಲ್ಲಿ ಉದ್ದದ ಮೇಜು, ಮೇಜಿನ ಆ ಕಡೆ ಅಧಿಕಾರಿ. ಚಿಕ್ಕ ವಯಸ್ಸು, ಬಲು ಮೃದು ಮಾತು, ಮಕ್ಕಳ ಡಾಕ್ಟರಾಗಬೇಕಿದ್ದವನು. ನಾನು, ಏಜೆಂಟ್ ಒಂದು ಕಡೆ. ಭಾಷಣ ಇನ್ನೊಂದು ಕಡೆ, ವಕೀಲನಿಲ್ಲದೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಹಿಂದಿನ ಬೆಂಚಿನಲ್ಲಿ ತಮ್ಮ.

ಅಧಿಕಾರಿ ಫೈಲು ತಿರುವುತ್ತಾ ಒಂದು ಪುಟದಲ್ಲಿ ಕೈ ನಿಲ್ಲಿಸಿದ. ಆವತ್ತಿನ ಗುಮಾಸ್ತ ಬರೆದಿಟ್ಟ ಟಿಪ್ಪಣಿಯಂತೆ. ಗಟ್ಟಿಯಾಗಿ ಓದಿದ: "ಕೌಂಟರಿನ ಬಳಿ ಕೆಲವು ಪುಂಡರು ಗದ್ದಲ ಮಾಡಿದರು. ಹಣ ಕಟ್ಟಿದ ಮಹಿಳೆಗೆ ಹೊಸ ದರದ ತಿಳಿವಳಿಕೆ ಇದ್ದಂತೆ ಕಾಣಲಿಲ್ಲ."

ಓದಿ ನನ್ನ ಕಡೆ ನೋಡಿ ನಕ್ಕ. "ಪಾಪ, ನಿಮಗೆ ಏನೂ ಗೊತ್ತಿರಲಿಲ್ಲ. ಯಾರೋ ಹೊರಗಿನವರು ನಿಮ್ಮನ್ನ ಮುಂದಿಟ್ಟುಕೊಂಡು ಗಲಾಟೆ ಮಾಡಿದಾರೆ. ಅಷ್ಟೇ ತಾನೇ ಅಮ್ಮ?"

ಕೊನೆಗೂ ಕಾನೂನು ನನಗೂ "ಪಾಪ" ಎಂದಿತು. ತಲೆ ಆಡಿಸಿದರೆ ಸಾಕಿತ್ತು. ಏಜೆಂಟ್ ಮೇಜಿನ ಕೆಳಗೆ ನನ್ನ ಕಾಲು ತುಳಿದ. ಆಡಿಸಿದೆ ಎಂದೇ ನೆನಪು. ಸ್ವಲ್ಪ.

ಅಧಿಕಾರಿ ಭಾಷಣನ ಕಡೆ ತಿರುಗಿದ. "ಆವತ್ತು ನೀವು ಅಲ್ಲಿದ್ರಾ?"

ಇದ್ದೆ ಎಂದರೆ ಅವನು ಗೆದ್ದ. ಅವನು ನನ್ನನ್ನು ನೋಡಿದ. ಆಮೇಲೆ ನೆಲ ನೋಡಿದ.

"ಇಲ್ಲ ಸಾರ್. ನಾನು ಬಂದಿರ್ಲಿಲ್ಲ. ಈ ಗಲಾಟೆ ಗಿಲಾಟೆ ಎಲ್ಲ ನಂಗೆ ಆಗಿಬರಲ್ಲ."

ಏಜೆಂಟ್ ಉಸಿರು ಬಿಟ್ಟ. ನನಗೆ ಹಾಲು ಕುಡಿದಷ್ಟು ಸಂತೋಷವಾಗಬೇಕಿತ್ತು. ಆಗಲಿಲ್ಲ. ಮೈಯೆಲ್ಲ ಉರಿದುಹೋಯಿತು.

"ಬಂದಿರ್ಲಿಲ್ವಾ?" ಎಂದೆ.

"ಸುಮ್ನಿರು" ಎಂದ ಹಲ್ಲು ಕಚ್ಚಿಕೊಂಡು.

"ಯಾಕೆ ಸುಮ್ನಿರ್ಲಿ? ಬೆಂಚು ಹತ್ತಿದ್ದು ಯಾರು, ನಿನ್ನ ಪಕ್ಕದ ಮನೆಯವನಾ? ಗಂಟಲು ಕಟ್ಟಿ ವಾರಗಟ್ಟಲೆ ಕೈಸನ್ನೆ ಮಾಡ್ಕೊಂಡು ಓಡಾಡಿದ್ದು ಯಾರು? ನಿನ್ನ ಹೆಂಡತಿ ಈ ಮನುಷ್ಯ ಹೀಗೇ ಇದ್ರೆ ಎಷ್ಟು ಚೆನ್ನಾಗಿತ್ತು ಅಂತ ನನ್ ಹತ್ರ ಹೇಳಿರ್ಲಿಲ್ವಾ?"

ಹಿಂದಿನ ಬೆಂಚಿನಲ್ಲಿ ತಮ್ಮ ಕೆಮ್ಮಿದ. ಅಧಿಕಾರಿ ಪೆನ್ನು ಕೆಳಗಿಟ್ಟ. "ಒಂದು ನಿಮಿಷ. ಅಂದ್ರೆ ಹೊಸ ದರ ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ ಹಳೇ ದರ ಬೇಕು ಅಂತ ಕೂಗೋಕಾಗುತ್ತಾ ಸ್ವಾಮಿ? ಕೂಗೋರಿಗೂ ತಲೆ ಇರುತ್ತೆ. ಪುಂಡರಂತೆ! ಪುಂಡರು ಸಾಲಾಗಿ ಚಾಪೆ ಹಾಸ್ಕೊಂಡು ಕೂರ್ತಾರಾ? ಮುದುಕರು ಬಂದ್ರೆ ಕೌಂಟರಿಗೆ ದಾರಿ ಬಿಡ್ತಾರಾ? ನನ್ನನ್ನ ಯಾರೂ ಮುಂದಿಟ್ಕೊಂಡಿರ್ಲಿಲ್ಲ. ನಾನೇ ಮುಂದಿದ್ದೆ. ಬರ್ಕೊಳ್ಳಿ."

ಬರೆದುಕೊಂಡ. ಏಜೆಂಟ್ ತನ್ನ ಬ್ಯಾಗಿನ ಜಿಪ್ ಎಳೆದ ಸದ್ದು ಕೇಳಿತು.

ಹೊರಗೆ ಕಾರಿಡಾರಿನಲ್ಲಿ ಭಾಷಣ ನನ್ನ ಮೇಲೆ ಎಗರಿದ. "ನಿನಗೋಸ್ಕರ ಜೀವಮಾನದಲ್ಲಿ ಮೊದಲ್ನೇ ಸಲ ಸುಳ್ಳು ಹೇಳಿದ್ನಲ್ಲೇ!"

"ಮೊದಲ್ನೇ ಸಲ? ಸಂಘದಲ್ಲಿ ಸಾವಿರ ಜನ ಇದಾರೆ ಅಂತ ಹೇಳ್ತಿದ್ಯಲ್ಲ?"

"ಅದು ಸುಳ್ಳಲ್ಲ, ಅಂದಾಜು."

"ಹೋಗ್ಲಿ, ಈ ಸುಳ್ಳು ಯಾಕೆ ಹೇಳ್ದೆ?"

"ಮತ್ತೇನು ಮಾಡ್ಲಿ? ಧರಣಿಗೆ ಕರ್ಕೊಂಡು ಹೋದವಳನ್ನ ನಾನೇ ಹಿಡ್ಕೊಡ್ಲಾ?" ಎಂದು ಗೋಡೆಯ ಕಡೆ ತಿರುಗಿ ನಿಂತ. ತಮ್ಮ ನಮ್ಮಿಬ್ಬರನ್ನೂ ನೋಡಿ, "ಇಬ್ಬರೂ ಸೇರಿ ಒಬ್ಬ ಬುದ್ಧಿವಂತ ಆಗಲ್ವಲ್ಲ" ಎಂದ.

ಒಂದೇ ಆಟೋದಲ್ಲಿ ಬಂದೆವು. ಖರ್ಚು ಉಳಿಯಲೆಂದು.

ಅಕ್ಟೋಬರ್ ೨೪

ಆದೇಶ ಬಂತು. ಸುಳ್ಳು ಪ್ರಮಾಣದ ಮೇಲೆ ಕೊಟ್ಟ ಜೀವ ವಾಪಸು. ಪೇಟೆಂಟ್ ಇಲ್ಲ, ಇನ್ನೆಂದೂ ಇಲ್ಲ. ಕೈಗಾವಲನ್ನು ಇನ್ನು ಯಾರು ಬೇಕಾದರೂ ಮಾಡಬಹುದು. ಸುಳ್ಳು ಹೇಳಿದ್ದಕ್ಕೆ ದಂಡ ಬೇರೆ, ಈ ಸಲ ಪೂರ್ತಿ ದರ. ಏಜೆಂಟ್ ಬಿಲ್ಲಿನ ಜೊತೆ ಒಂದು ಸಾಲು ಬರೆದಿದ್ದಾನೆ: "ಚರಿತ್ರೆ ಸಿಕ್ಕಿತಲ್ಲ, ಅಭಿನಂದನೆ."

ಶೆಡ್ಡಿನ ಹೆಂಗಸರಿಗೆ ಹೇಳಬೇಕಿತ್ತು. ಟೀ ಕುಡಿಯುತ್ತಾ ಕೂತಿದ್ದರು. ನಾನೂ ಒಂದು ಲೋಟ ತೆಗೆದುಕೊಂಡು ಕೂತು ಎಲ್ಲ ಹೇಳಿದೆ. ಕೆಲಸ ಹೋಗುತ್ತದೆಯೇ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಭಾಷಣನ ಶೆಡ್ಡೂ ನಮ್ಮದೂ ಸೇರಿ ತಗಡು, ಸರಪಳಿ ಒಟ್ಟಿಗೆ ತರಿಸಿದರೆ ಕಡಿಮೆ ಬೀಳುತ್ತದೆ ಎಂದು ಒಬ್ಬಳು ಹೇಳಿದಳು. ಮಾತು ಎಲ್ಲೆಲ್ಲೋ ಹೋಯಿತು. ಏಳುವಾಗ ಕತ್ತಲಾಗಿತ್ತು.

ನವೆಂಬರ್ ೧೯

ಮುಚ್ಚಳದ ಕಾರ್ಖಾನೆಯವರ ಗೌರವ ಕೊನೆಗೂ ಮುಗಿಯಿತು. ಹಕ್ಕು ಇಲ್ಲವೆಂದು ತಿಳಿದ ಕೂಡಲೇ ತಾವೇ ಕೈಗಾವಲು ಮಾಡಿಸಿ ಎಲ್ಲ ಪ್ರೆಸ್ಸಿಗೂ ಹಾಕಿಸಿದರು, ಮೇಲೆ ತಮ್ಮ ಹೆಸರು ಕೆತ್ತಿಸಿಕೊಂಡರು. ಪೇಪರಿನಲ್ಲಿ ಫೋಟೋ ಬಂದಿದೆ. "ಕಾರ್ಮಿಕರ ಸುರಕ್ಷತೆಯೇ ನಮ್ಮ ಉಸಿರು." ಉಸಿರಾಡಲು ಇಷ್ಟು ವರ್ಷ ನನ್ನ ಪೇಟೆಂಟಿನ ಹೆಣ ಬೀಳಲೆಂದು ಕಾಯುತ್ತಿದ್ದರು.

ನಗು ಬಂತು. ಆದರೂ ಫೋಟೋದಲ್ಲಿ ಜಾಲರಿ ಸರಿಯಾಗಿ ಕೂತಿದೆಯೇ ಎಂದು ಬಹಳ ಹೊತ್ತು ನೋಡಿದೆ.

ನವೆಂಬರ್ ೨೭

ಕಾರ್ಖಾನೆ ಗೇಟಿನ ಮುಂದೆ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಅಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಭಾಷಣನ ಶೆಡ್ಡಿಗೆ ಓಡಿ ಬಂದಿದ್ದಳಂತೆ. ಫೋಟೋದವರು ಹೋದ ಮೇಲೆ ಸೂಪರ್‌ವೈಸರ್ ಎಲ್ಲ ಜಾಲರಿಗಳನ್ನೂ ಪ್ರೆಸ್ಸಿನಿಂದ ಕಳಚಿಸಿ ತಂತಿಯಿಂದ ಮೇಲಕ್ಕೆ ಕಟ್ಟಿಸಿದ್ದಾನೆ. ಜಾಲರಿ ಇಳಿದರೆ ಕೆಲಸ ನಿಧಾನವಂತೆ. ನಿನ್ನೆ ಒಬ್ಬ ಹುಡುಗಿಯ ತೋರುಬೆರಳು ಹೋಯಿತು, ಜಾಲರಿಯ ಕೆಳಗೇ, ಅದು ತಲೆಯ ಮೇಲೆ ಅಲಂಕಾರಕ್ಕೆ ನೇತಾಡುತ್ತಿರುವಾಗ.

ಭಾಷಣ ಬಂದು ಬಾಗಿಲಲ್ಲಿ ನಿಂತು ಇಷ್ಟು ಹೇಳಿದ. ನಾನು ಚಾಪೆ ತೆಗೆದುಕೊಂಡೆ. ಅವನ ಶೆಡ್ಡಿನವರು, ನಮ್ಮ ಶೆಡ್ಡಿನವರು, ತಮ್ಮ, ಎಲ್ಲರೂ ಹೊರಟೆವು.

ಸೂಪರ್‌ವೈಸರ್ ಗೇಟಿನ ಆ ಕಡೆ ನಿಂತು, ಓದಿಕೊಂಡು ಬಂದವನ ಹಾಗೆ ಮಾತಾಡಿದ. "ನೋಡಮ್ಮ, ಆ ಜಾಲರಿ ಮೇಲೆ ನಿನಗೆ ಯಾವ ಹಕ್ಕೂ ಇಲ್ಲ. ಆದೇಶ ನಮ್ ಹತ್ರಾನೂ ಇದೆ. ಅದೀಗ ಯಾರದ್ದೂ ಅಲ್ಲ. ಇಳಿಸ್ತೀವಿ, ಕಟ್ತೀವಿ, ನಮ್ಮಿಷ್ಟ."

"ಜಾಲರಿ ಯಾರದ್ದೂ ಅಲ್ಲ, ಒಪ್ಕೊಂಡೆ" ಎಂದೆ. "ಬೆರಳು ಯಾರದ್ದು?"

ಅವನು ಭಾಷಣನ ಮುಖ ನೋಡಿದ. ಭಾಷಣ ನನ್ನ ಕಡೆ ಕೈ ತೋರಿಸಿದ, ಇವತ್ತಿನ ಭಾಷಣ ನನ್ನದು ಎಂಬಂತೆ.

"ಏನಿದ್ರೂ ಬರೆದು ಕೊಡಿ, ಮೇಲಕ್ಕೆ ಕಳಿಸ್ತೀವಿ. ಇಲ್ಲಿ ಗುಂಪು ಸೇರ್ಬೇಡಿ" ಎಂದ ಸೂಪರ್‌ವೈಸರ್.

ಕೂತೆವು.